ಮಿಡಿಸೌತೆ ನೋಡಲು ಬಂದ ಮೇಡಮ್ಮ

ನಮ್ಮ ಹೊಲ ಸಿರಸಂಗಿಯ ಆಚೆ, ಕಾಲುವೆಯ ಪಕ್ಕದಲ್ಲಿದೆ. ಕರಿ ಎರೆ ಮಣ್ಣು. ನಾನು ಸೊಸೆಯಾಗಿ ಬಂದಾಗಿನಿಂದ ಹಿಂಗಾರಿಗೆ ಅಲ್ಲಿ ಕಡಲೆ ಹಾಕುತ್ತಿದ್ದೆವು, ಇಲ್ಲವೆ ಬಿಳಿಜೋಳ. ಮೂರನೆಯದೊಂದು ಬೆಳೆ ಇದೆ ಎಂದು ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಈಚೆಗೆ ಕಡಲೆಯ ದರ ಬಿತ್ತು. ಬೈಲಹೊಂಗಲದ ಅಡತಿ ಅಂಗಡಿಯವನನ್ನು ಯಾಕಪ್ಪ ಹೀಗೆ ಎಂದು ಕೇಳಿದೆ. ಹೊರದೇಶದಿಂದ ಹಡಗು ತುಂಬ ಹಳದಿ ಬಟಾಣಿ ಬಂದಿದೆ, ಅದಕ್ಕೆ ಸುಂಕವಿಲ್ಲ, ಗಿರಣಿಯವರು ಅದನ್ನೇ ಬೀಸಿ ಕಡಲೆಹಿಟ್ಟಿಗೆ ಬೆರೆಸುತ್ತಾರೆ ಎಂದ.

“ಹಂಗಾರ ನಮ್ಮ ಕಡಲಿ ಏನ ಮಾಡೂದು?”

“ಉಸಳಿ ಮಾಡ್ಕೊಂಡ ತಿನ್ನಬೇ ಯವ್ವಾ,” ಎಂದ.

ಅವನ ಅಂಗಡಿಯ ಮುಂದೆಯೇ ಮಿರ್ಚಿ ಭಜಿ ಕರಿಯುತ್ತಿದ್ದರು. ಅವತ್ತು ನಾನು ತಿನ್ನಲಿಲ್ಲ. ಜೊತೆಗಿದ್ದ ಮಗ ಎರಡು ಪ್ಲೇಟು ತಿಂದ.

ನನ್ನ ಸೊಸೆ ಕಿತ್ತೂರಿನ ಕಡೆಯವಳು. ಓದು ಬಲ್ಲಳು, ಮೊಬೈಲಿನಲ್ಲಿ ಒಕ್ಕಲುತನದ ವಿಡಿಯೋ ನೋಡುತ್ತಲೇ ರೊಟ್ಟಿ ಬಡಿಯುತ್ತಾಳೆ, ಒಂದೂ ಹರಿಯುವುದಿಲ್ಲ. ಅವಳ ತವರಿನ ಹತ್ತಿರ ಯಾರೋ ಒಂದು ಕಂಪನಿಗೆ ಮಿಡಿಸೌತೆ ಬೆಳೆಯುತ್ತಿದ್ದರಂತೆ. ಬೀಜ, ಔಷಧ ಕಂಪನಿಯವರೇ ಕೊಡುತ್ತಾರೆ, ದರ ಮೊದಲೇ ಮಾತಾಡುತ್ತಾರೆ, ಲಾರಿ ಹೊಲಕ್ಕೇ ಬರುತ್ತದೆ. ಕಾಯಿ ಡ್ರಮ್ಮಿನಲ್ಲಿ ಕೂತು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. ಆ ಸಂಜೆಯೇ ಸೊಸೆ ತೀರ್ಮಾನ ಮಾಡಿದಳು.

“ಅವರು ಹಡಗ ತುಂಬಿ ಇಲ್ಲಿ ತಂದ ಸುರೀತಾರಂದ್ರ, ನಾವೂ ಹಡಗ ತುಂಬಿ ಅಲ್ಲಿ ಸುರೂಣಂತ್ರಿ ಅತ್ತೀ.”

“ಆ ಕಾಯಿ ನಮ್ಮವರ ಯಾರಾದ್ರೂ ತಿಂತಾರೇನ?”

“ನಾವ್ಯಾಕ ತಿನ್ನಬೇಕ್ರಿ? ಮಾರೂದು.”

ಬಾಯಿಗಾಗದ್ದನ್ನು ಬಿತ್ತುವುದು ಹತ್ತಿ ಬಿಟ್ಟರೆ ನನಗೆ ಗೊತ್ತಿರಲಿಲ್ಲ. ಆದರೆ ಕಡಲೆ ಇನ್ನೂ ಮೂಲೆಯಲ್ಲಿ ಚೀಲದಲ್ಲೇ ಕೂತಿತ್ತು, ನನ್ನ ಮಾತಿಗೆ ತೂಕವಿರಲಿಲ್ಲ.

ಕಂಪನಿಯ ಕಡೆಯಿಂದ ಮೋಟರ್ ಸೈಕಲ್ಲಿನ ಮೇಲೆ ಒಬ್ಬ ಬರುತ್ತಿದ್ದ. ನಲವತ್ತು ದಾಟಿದವ, ಹೊಟ್ಟೆಯವ, ಎಲ್ಲರೂ ಅವನಿಗೆ ಫೀಲ್ಡಿನವರು ಎನ್ನುತ್ತಿದ್ದರು. ಬಳ್ಳಿ ಹಬ್ಬಿಸಲು ದಾರ ಕಟ್ಟಿಸಿದ, ಹನಿ ನೀರಿನ ಪೈಪು ಹಾಕಿಸಿದ. ಕಾಯಿ ಬೆರಳಿನಷ್ಟಾದಾಗಲೇ ಹರಿಯಬೇಕು, ಹೆಬ್ಬೆರಳು ಮೀರಿದರೆ ಕಂಪನಿ ಒಯ್ಯುವುದಿಲ್ಲ ಎಂದ. ಬೆಳೆಯುವ ಕಾಯಿಯನ್ನು ಬೆಳೆಯಬೇಡ ಎಂದು ಕಾವಲು ಕಾಯುವ ಒಕ್ಕಲುತನ ಅದೇ ಮೊದಲು ನೋಡಿದೆ. ಬೆಳಿಗ್ಗೆ ಎಲೆಯ ಮರೆಯಲ್ಲಿ ಒಂದನ್ನು ಬಿಟ್ಟರೆ ಸಂಜೆಗೆ ಅದು ನನ್ನ ಮುಂಗೈಯಷ್ಟಾಗಿ ನಗುತ್ತಿರುತ್ತದೆ. ಒಂದನ್ನು ಕಚ್ಚಿಯೂ ನೋಡಿದೆ. ಮುಳ್ಳು, ನೀರು, ಒಗರು. ಎಮ್ಮೆಗೆ ಹಾಕಿದೆ. ಎಮ್ಮೆ ಮೂಸಿ, ನನ್ನ ಮುಖ ನೋಡಿತು.

ಲಾರಿ ತುಂಬುವ ಮೊದಲು ಒಂದು ತಪಾಸಣೆ ಇತ್ತು. ಕೊಳ್ಳುವ ದೇಶದಿಂದ ಒಬ್ಬ ಮೇಡಮ್ಮ ಬಂದು ಹೊಲ ನೋಡುತ್ತಾಳೆ. ಅವಳು ಹೂಂ ಎಂದರೆ ಕಾಯಿ ಹಡಗು ಹತ್ತುತ್ತದೆ, ಊಹೂಂ ಎಂದರೆ ಸೊಸೆಯ ಇಡೀ ಬೆಳೆ ಬದುವಿನ ಮೇಲೆ. ಊರವರು ತಿನ್ನರು, ಎಮ್ಮೆಯೂ ತಿನ್ನದು. ಸೊಸೆಗೆ ಊಟ ಸೇರದಾಯಿತು.

ತಪಾಸಣೆಗೆಂದು ಫೀಲ್ಡಿನವ ಹೊಲದಲ್ಲಿ ಒಂದು ಸಂಸಾರ ಹೂಡಿದ. ಕೈ ತೊಳೆಯಿರಿ ಎಂಬ ಬೋರ್ಡು. ನಾಯಿಯ ಚಿತ್ರದ ಮೇಲೆ ಕೆಂಪು ಗೀಟು, ಬೀಡಿಯ ಚಿತ್ರದ ಮೇಲೆ ಇನ್ನೊಂದು. ನಮ್ಮ ನಾಯಿ ಆ ಬೋರ್ಡಿನ ನೆರಳಿನಲ್ಲೇ ಮಲಗತೊಡಗಿತು. ನಲ್ಲಿ ಹಚ್ಚಿದ ನೀರಿನ ಟಾಕಿ, ಸೋಪು, ಗಾಯಕ್ಕೆ ಹಚ್ಚುವ ಮದ್ದಿನ ಡಬ್ಬಿ. ಕಡೆಗೆ ಟ್ರ್ಯಾಕ್ಟರಿನಲ್ಲಿ ಒಂದು ತಗಡಿನ ಖೋಲಿ ಬಂತು. ನೀಲಿ ಬಣ್ಣ, ಬಾಗಿಲು, ಚಿಲಕ, ಮೇಲೊಂದು ಸಣ್ಣ ಕಿಟಕಿ. ಹೊಲದಲ್ಲಿ ಕೆಲಸ ಮಾಡುವವರಿಗೆ ಸಂಡಾಸು.

“ಇದನ್ನ ಬಳಸೂದು ಕಡ್ಡಾಯ ಐತ್ರಿ ಯವ್ವಾ,” ಎಂದ.

“ನಡುಹೊಲದಾಗ ನಿಂದರಿಸೀಯಲ್ಲೊ. ಕಾಲುವಿ ದಾರಿ ಮ್ಯಾಲ ಹೋಗೋ ಬಸ್ಸಿನವರಿಗೆಲ್ಲ ಕಾಣತೈತಿ. ಬಾಜೂಕಿನ ಜ್ವಾಳದಾಗ ಹೊಕ್ಕರ ಯಾರಿಗೂ ಗೊತ್ತಾಗೂದಿಲ್ಲ, ಇದರಾಗ ಹೊಕ್ಕರ ಊರಿಗೇ ಗೊತ್ತಾಗತೈತಿ.”

“ಮರ್ಯಾದಿಗಂತನ ಕೊಟ್ಟಾರ್ರಿ.”

“ಹಂಗಾರ ಮೊದಲ ನೀ ಹೋಗಿ ಬಾ.”

ಅವನು ಮೋಟರ್ ಸೈಕಲ್ ಹತ್ತಿ ಹೋದ. ಕೆಲಸದ ಹೆಂಗಸರು ಅದರ ಸುತ್ತ ಒಂದು ಸುತ್ತು ಬಂದು ಜೋಳದ ಕಡೆ ನಡೆದರು. ಧೂಳು ಬೀಳದಿರಲಿ ಎಂದು ಸೊಸೆ ಅದರ ಕುಣಿಯ ಮೇಲೆ ಒಂದು ಹಲಗೆ ಮುಚ್ಚಿ, ಹೊಸ ಗೋಣಿಚೀಲ ಹಾಸಿ, ಚಿಲಕ ಹಾಕಿದಳು.

ಇದೆಲ್ಲ ಆಗಬಹುದಿತ್ತು. ಆದರೆ ಮೇಡಮ್ಮ ಬರುವ ದಿನ ಎಳ್ಳ ಅಮಾಸಿಗೆ ಬಿತ್ತು.

ಎಳ್ಳ ಅಮಾಸಿಗೆ ನಮ್ಮ ಕಡೆ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಮಾಡಿದ ಅಡುಗೆಯನ್ನೆಲ್ಲ ಕಲಸಿ ನೆಲದ ತಾಯಿಗೆಂದು ಹೊಲದ ಸುತ್ತ ಎಸೆದು, ಆಮೇಲೆ ಎಲ್ಲರೂ ಅಲ್ಲೇ ಕೂತು ಉಣ್ಣುವುದು. ಚರಗ ಆಗದೆ ಯಾರೂ ಒಂದು ತುತ್ತು ಮುಟ್ಟುವುದಿಲ್ಲ. ಆ ದಿನಕ್ಕೆ ಯಾರನ್ನೂ ಕರೆಯುವುದಿಲ್ಲ. ಬರುತ್ತಾರೆ.

“ಅತ್ತೀ, ಈ ವರ್ಷ ಚರಗ ಬ್ಯಾಡ್ರಿ. ಹೊರಗಿನ ತಿನಿಸು ಒಂದ ಅಗಳ ಸೌತಿಯೊಳಗ ಬಿದ್ರೂ ಫೇಲ್ ಮಾಡ್ತಾರಂತ,” ಎಂದಳು ಸೊಸೆ.

“ನೆಲಕ್ಕ ಉಣಸಬ್ಯಾಡ ಅನ್ನಾಕಿ ಅಕಿ ಯಾರ?”

“ಕೊಳ್ಳಾಕಿರಿ.”

ಮಗನನ್ನು ಕೇಳಿದೆವು. ಅವನು ಯಾರು ಊಟಕ್ಕೆ ನೀಡುತ್ತಾರೋ ಅವರ ಕಡೆ. ಆ ಹೊತ್ತಿಗೆ ಸೊಸೆ ನೀಡುತ್ತಿದ್ದಳು. ಕಡೆಗೆ ಒಪ್ಪಂದವಾಯಿತು. ಮೇಡಮ್ಮ ಬೆಳಿಗ್ಗೆ ಬಂದು ಹೋಗಲಿ. ಅವಳ ಜೀಪು ಕಾಲುವೆ ದಾಟಿದ ಮೇಲೆ ಚರಗ, ಅದೂ ಸೌತೆಯಲ್ಲಿ ಅಲ್ಲ, ಪಕ್ಕದ ನಮ್ಮ ಜೋಳದಲ್ಲಿ.

ಮೇಡಮ್ಮ ಬೆಳಿಗ್ಗೆ ಬರಲಿಲ್ಲ. ಬೀಗರು ಬಂದರು. ಕಟಕೋಳಕ್ಕೆ ಕೊಟ್ಟ ನನ್ನ ಅಕ್ಕ ಟ್ರ್ಯಾಕ್ಟರಿನ ಡಬ್ಬಿ ತುಂಬ ತನ್ನ ಮಂದಿಯನ್ನು ಕರೆದುಕೊಂಡು ಇಳಿದಳು. ಬುಟ್ಟಿಗಟ್ಟಲೆ ಅಡುಗೆ ಇತ್ತು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣಗಾಯಿ, ಪುಂಡಿ ಪಲ್ಯ, ಗಡಿಗೆಯಲ್ಲಿ ಮೊಸರನ್ನ. ನಮ್ಮ ಅಕ್ಕ ನನಗಿಂತ ದೊಡ್ಡವಳು, ದನಿಯೂ ದೊಡ್ಡದು. ಅವಳ ಬಾಯಲ್ಲಿ ಯಾವಾಗಲೂ ತಂಬಾಕಿರುತ್ತದೆ. ಸೊಸೆ ಓಡಿ ಬಂದು ಬೋರ್ಡು ತೋರಿಸಿದಳು.

“ಇಲ್ಲಿ ಉಗುಳಬಾರದ್ರಿ ದೊಡ್ಡವ್ವಾ.”

“ಹೊಲದಾಗ ಉಗುಳಬಾರದಂದ್ರ ಎಲ್ಲಿ ಉಗುಳಬೇಕ ಬೇ, ನಿಮ್ಮ ಪಡಸಾಲ್ಯಾಗ?”

ಹೊತ್ತು ಏರಿತು. ಫೀಲ್ಡಿನವ ಬದುವಿನ ಮೇಲೆ ನಿಂತು ಫೋನು ಮಾಡಿ, ಬರಾಕ ಹತ್ಯಾರ, ಬರಾಕ ಹತ್ಯಾರ ಎನ್ನುತ್ತಿದ್ದ. ಬೀಗರ ಹೊಟ್ಟೆ ಅದನ್ನು ನಂಬಲಿಲ್ಲ. ಅಮಾಸಿಯ ದಿನ ಉಪವಾಸ ಕೂಡಿಸುವ ಮನೆ ಇದೊಂದೇ ಎಂದು ಅಕ್ಕನ ಗಂಡ ಎಲ್ಲರಿಗೂ ಕೇಳುವಂತೆ ಹೇಳಿದ. ನಾನು ಜೋಳದ ಬದಿಗೆ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ ಪೂಜೆಗೆ ಅಣಿ ಮಾಡುತ್ತಿದ್ದೆ. ಬುಟ್ಟಿಗಳನ್ನು ಬಿಸಿಲಿನಿಂದ ಎತ್ತಿ ನೆರಳಿಗಿಡು ಎಂದು ಅಕ್ಕನಿಗೆ ಕೂಗಿ ಹೇಳಿದೆ. ಹೊಲದಲ್ಲಿದ್ದ ಒಂದೇ ಬನ್ನಿ ಗಿಡದ ಕೆಳಗೆ ಇಡುತ್ತಾಳೆ ಅಂದುಕೊಂಡೆ.

ನಡುಮಧ್ಯಾಹ್ನಕ್ಕೆ ಜೀಪು ಬಂತು. ಮೇಡಮ್ಮ ಎತ್ತರದ ಹೆಣ್ಣುಮಗಳು, ಬಿಸಿಲಿಗೆ ಬೆಂದು ಕೆಂಪು ಗಜ್ಜರಿಯಾಗಿದ್ದಳು. ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಏರಿಸಿ, ತಲೆಗೆ ಬಲೆಯ ಟೊಪ್ಪಿಗೆ ಹಾಕಿ ಎಲ್ಲರಿಗೂ ಕೈ ಮುಗಿದಳು. ಬಾಣಂತಿ ಇದ್ದಾಳೇನು ಎಂದು ಅಕ್ಕ ನನ್ನ ಕಿವಿಯಲ್ಲಿ ಕೇಳಿದಳು. ಮೇಡಮ್ಮ ಬಳ್ಳಿ ನೋಡಿದಳು, ಹೂಂ ಎಂದಳು. ಮದ್ದಿನ ಡಬ್ಬಿ ನೋಡಿದಳು, ಹೂಂ ಎಂದಳು. ಟಾಕಿಯ ನಲ್ಲಿ ತಿರುಗಿಸಿದಳು, ನೀರು ಬಂತು. ಸೊಸೆಯ ಮುಖಕ್ಕೆ ರಕ್ತ ಬಂತು. ನಾಯಿಯನ್ನು ಮಗ ಹಿಡಿದುಕೊಂಡು ದೂರದಲ್ಲಿ, ಅದು ತನಗೆ ಪರಿಚಯವೇ ಇಲ್ಲದ ನಾಯಿ ಎಂಬಂತೆ ನಿಂತಿದ್ದ.

ಆಮೇಲೆ ಅವಳು ತಗಡಿನ ಖೋಲಿಯ ಕಡೆ ನಡೆದಳು. ಬಾಗಿಲಿಗೆ ಅರಿಸಿನ ಕುಂಕುಮ ಹಚ್ಚಿತ್ತು. ಮೇಡಮ್ಮ ಚಿಲಕ ತೆಗೆದಳು.

ಒಳಗೆ ಗೋಣಿಚೀಲದ ಮೇಲೆ ಸಾಲಾಗಿ ನಮ್ಮ ಬುಟ್ಟಿಗಳು, ಮೇಲೆ ಬಿಳಿ ಬಟ್ಟೆ. ಮೂಲೆಯಲ್ಲಿ ಮೊಸರನ್ನದ ಗಡಿಗೆ. ಕಿಟಕಿಯಲ್ಲಿ ಊದಿನಕಡ್ಡಿ ಹೊಗೆಯಾಡುತ್ತಿತ್ತು.

“ಯಕ್ಕಾ! ಇಲ್ಲಿ ಯಾಕ ಇಟ್ಟಿ?”

“ಪಂಪಿನ ಖೋಲಿ ಅಲ್ಲೇನ ಇದು?”

“ಅದು ಸಂಡಾಸ ಬೇ!”

“ಇಷ್ಟ ಚಂದ ಖೋಲಿ ಸಂಡಾಸಕ್ಕ ಯಾರ ಕಟ್ಟತಾರಲೇ! ನಾನ ಇದರಾಗ ಸಂಸಾರ ಮಾಡ್ತಿದ್ನಿ!”

ಬೀಗರೆಲ್ಲ ಎದ್ದು ನಿಂತರು. ಹಸಿದ ಮಂದಿ. ನೈವೇದ್ಯ ಸಂಡಾಸದಲ್ಲಿ ಇಟ್ಟಿದ್ದರೆ ಅದು ಮೈಲಿಗೆ, ನೆಲಕ್ಕೂ ಇಲ್ಲ, ಹೊಟ್ಟೆಗೂ ಇಲ್ಲ. ಅಕ್ಕನ ಗಂಡ ಮುಂದೆ ಬಂದು ಸೊಸೆಯನ್ನು ಕೇಳಿದ, “ಖರೆ ಹೇಳವಾ. ಇದನ್ನ ಯಾರರೆ ಬಳಸೀರೇನು?”

ಅದೇ ಹೊತ್ತಿಗೆ ಮೇಡಮ್ಮ ಏನೋ ಕೇಳಿದಳು. ಫೀಲ್ಡಿನವ ಬೆವರು ಒರೆಸುತ್ತ ಸೊಸೆಗೆ ಹೇಳಿದ, “ಕೆಲಸದವರು ಇದನ್ನ ದಿನಾ ಬಳಸ್ತಾರ ಅಲ್ಲ ಅಂತ ಕೇಳಾಕ ಹತ್ಯಾರ್ರಿ.”

ಬಳಸಿದ್ದೇವೆ ಎಂದರೆ ಇಷ್ಟು ಮಂದಿ ಉಪವಾಸ, ವರ್ಷವಿಡೀ ಬೀಗರ ಬಾಯಿ. ಬಳಸಿಲ್ಲ ಎಂದರೆ ಬೆಳೆ ಹೋಯಿತು. ಸೊಸೆ ಒಂದು ಗಳಿಗೆ ಇಬ್ಬರ ಮುಖ ನೋಡಿದಳು. ಆಮೇಲೆ ಮೇಡಮ್ಮನ ಕಡೆ ತಿರುಗಿ ಇಂಗ್ಲಿಷಿನಲ್ಲಿ “ಯೆಸ್, ಯೆಸ್” ಎಂದಳು. ಬೀಗರ ಕಡೆ ತಿರುಗಿ “ಇಲ್ರಿ, ಇಲ್ರಿ” ಎಂದಳು. ಮತ್ತೆ ಆ ಕಡೆ ಯೆಸ್, ಈ ಕಡೆ ಇಲ್ರಿ. ಬಾಯಿ ಎರಡು ಕಡೆಗೂ ಸರಿಯಾಗಿ ಹೇಳಿತು. ತಲೆಗೆ ಗೊಂದಲವಾಗಿ, ಯೆಸ್ ಎನ್ನುವಾಗಲೂ ಅದು ಇಲ್ಲ ಎಂದೇ ಅಲುಗಾಡುತ್ತಿತ್ತು.

ಮೇಡಮ್ಮ ಬಗ್ಗಿದಳು. ಒಂದು ಬುಟ್ಟಿಯನ್ನು ಎರಡೂ ಕೈಯಿಂದ, ಕೂಸನ್ನು ಎತ್ತಿದಂತೆ ಎತ್ತಿ ಅಕ್ಕನ ಕೈಗೆ ಕೊಟ್ಟಳು. ಗೋಣಿಚೀಲ ಸರಿಸಿ ಹಲಗೆ ಎತ್ತಿದಳು. ಕುಣಿಯ ಬಿಳಿ ಬಟ್ಟಲಿಗೆ ಅಂಗಡಿಯ ಕಾಗದ ಅಂಟಿಸಿದ್ದು ಹಾಗೇ ಇತ್ತು, ಹರಿದಿರಲಿಲ್ಲ.

“ನೋಡ್ರಿ, ನೋಡ್ರಿ, ಲೇಬಲ್ ಐತಿ! ಮೈಲಿಗಿ ಇಲ್ಲ!” ಎಂದು ಅಕ್ಕನ ಗಂಡ ಚಪ್ಪಾಳೆ ತಟ್ಟಿದ. ಬೀಗರೆಲ್ಲ ಸಂಡಾಸದ ಬಾಗಿಲಿಗೆ ಮುಗಿಬಿದ್ದು ಆ ಕಾಗದವನ್ನು ದೇವರ ದರ್ಶನದಂತೆ ನೋಡಿ ಬಂದರು. ಸೊಸೆ ಮಾತ್ರ ಅಲ್ಲೇ ಕುಕ್ಕರಗಾಲಲ್ಲಿ ಕೂತಳು.

ನನಗೆ ಸಿಟ್ಟು ಬಂತು. ಫೀಲ್ಡಿನವನಿಗೆ ಹೇಳಿದೆ, “ನಾ ಹೇಳಿದ್ದನ್ನ ಹೇಳ್ದಂಗ ಹೇಳ ಅಕಿಗೆ. ಕಾಯಿ ತೊಳದ ಕೊಡ ಅಂದ್ರ ತೊಳೀತೇವಿ, ಕೈ ತೊಳಿ ಅಂದ್ರ ತೊಳೀತೇವಿ. ಬಸ್ಸಿನ ಮಂದಿ ಮುಂದ ಹೋಗಿ ಕುಂಡರು ಅಂದ್ರ ಕುಂಡರೂದಿಲ್ಲ. ಅದನ್ನ ಬನ್ನಿ ಗಿಡದ ಹಿಂದ ಇಡು, ನಾಳಿಂದ ನಾನ ಮೊದಲ ಹೋಗತೇನಿ.”

ಅವನು ಎಷ್ಟು ಹೇಳಿದನೋ ಗೊತ್ತಿಲ್ಲ, ನನ್ನ ಮಾತಿಗಿಂತ ಅವನದು ಬಹಳ ಗಿಡ್ಡ ಇತ್ತು. ಮೇಡಮ್ಮ ಕಾಲುವೆ ದಾರಿ ನೋಡಿದಳು. ಬಸ್ಸೊಂದು ಹೋಗುತ್ತಿತ್ತು. ಕಿಟಕಿಯಲ್ಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು, ಏನೋ ಬರೆದುಕೊಂಡಳು, ಬುಟ್ಟಿ ಯಾಕೆ ಎಂದು ಕೇಳಿದಳು.

ಇನ್ನು ಯಾರೂ ತಡೆಯಲಾರರು ಎಂದು ಅಕ್ಕನಿಗೆ ಗೊತ್ತಾಯಿತು. ತಂಬಾಕು ತೆಗೆದು ಸೆರಗಿಗೆ ಕಟ್ಟಿ, ಅನ್ನ ಕಲಸಿದ ಬುಟ್ಟಿ ಎತ್ತಿ ಜೋಳಕ್ಕೆ ನುಗ್ಗಿದಳು. “ಹುಲ್ಲುಲ್ಲಿಗೋ!” ಎಂದು ಕೂಗಿ ಎಸೆದಳು. ಮಗ ನಾಯಿ ಬಿಟ್ಟು ತಂಬಿಗೆ ಹಿಡಿದು, “ಸಲಾಂಬ್ರಿಗೋ!” ಎಂದು ಹಿಂದೆ ನೀರು ಚಿಮುಕಿಸುತ್ತ ಓಡಿದ. ಮೇಡಮ್ಮ ಮೊಬೈಲು ಎತ್ತಿಕೊಂಡು ಅವರ ಹಿಂದೆ ಓಡಿದಳು, ಫೀಲ್ಡಿನವ ಅವಳ ಹಿಂದೆ. ಒಂದು ಅಗಳೂ ಸೌತೆಯಲ್ಲಿ ಬೀಳದಂತೆ ಸೊಸೆ ಬದುವಿನ ಮೇಲೆ ಸೆರಗು ಅಗಲಿಸಿ ಗೋಡೆಯಂತೆ ನಿಂತಳು. ಊಟಕ್ಕೆ ಕೂತಾಗ ಮೇಡಮ್ಮನಿಗೆ ಒಂದು ಶೇಂಗಾ ಹೋಳಿಗೆ ಕೊಟ್ಟೆ. ಅವಳು ಎದ್ದು ಹೋಗಿ ನಲ್ಲಿಯಲ್ಲಿ ಕೈ ತೊಳೆದು ಬಂದು ತಿಂದಳು. ಆ ದಿನ ಸೋಪು ಮುಟ್ಟಿದವಳು ಅವಳೊಬ್ಬಳೇ.

ಪಾಸಾಯಿತು. ಫೀಲ್ಡಿನವ ಪೇಡೆ ತಂದು ಹೇಳಿದ. ಖೋಲಿ ಬನ್ನಿ ಗಿಡದ ಹಿಂದೆ ಹೋಗಬೇಕು, ಬಳಸಿದ ಗುರುತಿನ ಫೋಟೋ ಕಳಿಸಬೇಕು ಎಂಬುದೊಂದೇ ಷರತ್ತು. ಆ ಫೋಟೋ ಹೇಗೆ ತೆಗೆದರು ಎಂದು ನಾನು ಬರೆಯುವುದಿಲ್ಲ.

ಲಾರಿ ಬರತೊಡಗಿತು. ಸೊಸೆ ಮತ್ತೆ ಉಣ್ಣತೊಡಗಿದಳು. ಆಮೇಲೆ ಒಂದು ದಿನ ಲಾರಿ ಬರಲಿಲ್ಲ. ಮರುದಿನವೂ ಇಲ್ಲ. ಫೀಲ್ಡಿನವ ಬಂದು ಮೋಟರ್ ಸೈಕಲ್ಲಿನಿಂದ ಇಳಿಯದೆಯೇ ಮಾತಾಡಿದ. ಕೊಳ್ಳುವ ದೇಶದ ಸರ್ಕಾರ ನಮ್ಮ ಕಡೆಯ ಮಾಲಿನ ಮೇಲೆ ದೊಡ್ಡ ಸುಂಕ ಹಾಕಿದೆಯಂತೆ, ಡ್ರಮ್ಮುಗಳು ಬಂದರಿನಲ್ಲೇ ನಿಂತಿವೆಯಂತೆ.

“ನಾವೇನ ತಪ್ಪ ಮಾಡೇವ್ರಿ? ಪಾಸ್ ಆಗಿತ್ತಲ್ಲ?” ಎಂದಳು ಸೊಸೆ.

“ನಿಮ್ಮ ತಪ್ಪ ಏನೂ ಇಲ್ಲ. ಇದು ದೊಡ್ಡವರ ಜಗಳ.”

“ಬಟಾಣಿ ಇಲ್ಲಿ ಬರೂವಾಗ ಸುಂಕ ಇಲ್ಲಂದ್ರು, ಸೌತಿ ಅಲ್ಲಿ ಹೋಗೂವಾಗ ಸುಂಕ ಐತಿ ಅಂದ್ರು. ಎರಡರಾಗೂ ಮೂಲ್ಯಾಗ ಕುಂಡರೂದು ನಮ್ಮ ಚೀಲನ ಆತಲ್ಲೊ,” ಎಂದೆ.

“ಕಾಯಿ ಹರಿಯೂದ ಮಾತ್ರ ಬಿಡಬ್ಯಾಡ್ರಿ. ಬಿಟ್ರ ಬಳ್ಳಿ ಕೈ ಕೊಡತೈತಿ,” ಎಂದು ಹೇಳಿ ಹೊರಟುಹೋದ.

ಅದೇ ಆ ಬೆಳೆಯ ಕೇಡು. ಕೊಳ್ಳುವವರಿಲ್ಲ ಎಂದು ಬಳ್ಳಿಗೆ ತಿಳಿಯುವುದಿಲ್ಲ. ದಿನವೂ ಹರಿದೆವು, ದಿನವೂ ರಾಶಿಯಾಯಿತು. ಓಣಿಯಲ್ಲಿ ಹಂಚಿದೆವು. ಮೊದಲ ದಿನ ತೆಗೆದುಕೊಂಡರು, ಎರಡನೆಯ ದಿನ ನನ್ನನ್ನು ಕಂಡು ಬಾಗಿಲು ಹಾಕಿಕೊಂಡರು. ಕೋಸಂಬರಿ ಮಾಡಿದೆವು, ಉಪ್ಪಿನಕಾಯಿ ಹಾಕಿದೆವು. ಮಗ ತನಗೆ ಹೊಟ್ಟೆನೋವು ಎಂದು ಟ್ರ್ಯಾಕ್ಟರಿನಲ್ಲೇ ಮಲಗಿದ.

ಕಡೆಗೆ ನಾನೂ ಸೊಸೆಯೂ ಬುಟ್ಟಿ ತುಂಬಿಕೊಂಡು ಬೈಲಹೊಂಗಲದ ಸಂತೆಗೆ ಹೋಗಿ ಕೂತೆವು. ಕೊಳ್ಳುವವರು ಒಂದನ್ನು ಕಚ್ಚಿ, ಮುಖ ಕಿವುಚಿ, ಉಳಿದರ್ಧವನ್ನು ಮರ್ಯಾದೆಯಿಂದ ಬುಟ್ಟಿಗೇ ಇಟ್ಟು ಹೋಗುತ್ತಿದ್ದರು.

“ಇದೇನ ಬೇ, ಸೌತಿಕಾಯಿಗೆ ಕಾಯಿಲೆ ಆಗೇತೇನು?” ಎಂದಳು ಒಬ್ಬಳು.

“ಫಾರಿನ್ ಕಾಯಿ,” ಎಂದೆ.

“ಹಂಗಾರ ಅಲ್ಲೇ ಮಾರು.”

ಹೊತ್ತು ಇಳಿದಾಗ ಸವದತ್ತಿ ದಾರಿಯಲ್ಲಿ ಬಾರ್ ಇಟ್ಟವನೊಬ್ಬ ಬಂದ. ಕೈಯಲ್ಲಿ ಎರಡು ಬೆರಳಿಗೆ ಉಂಗುರ. ಒಂದು ಕಾಯಿ ಕಚ್ಚಿದ, ಉಗುಳಲಿಲ್ಲ. ಉಪ್ಪು ಖಾರ ಇದೆಯೇನು ಎಂದು ಕೇಳಿದ. ಪಕ್ಕದ ಪೇರಲ ಮಾರುವವಳ ಹತ್ತಿರ ತಂದು ಹಚ್ಚಿಕೊಟ್ಟೆ. ಮತ್ತೆರಡು ತಿಂದ.

“ಗಟ್ಟಿ ಅದಾವು. ಕಚ್ಚಿದ್ರ ಸಪ್ಪಳ ಬರತೈತಿ. ನಮ್ಮಲ್ಲಿ ಬರೋ ಗಿರಾಕಿಗೆ ಸಪ್ಪಳ ಬೇಕ್ರಿ ಯವ್ವಾ, ರುಚಿ ಯಾವ ಮಗ ಕೇಳತಾನ? ಇಷ್ಟ ಸಣ್ಣದ ಬ್ಯಾಡ, ಮುಂಗೈಯಷ್ಟ ಆಗಲಿ. ದಿನಾ ಕಳಸ್ರಿ.”

ಕಂಪನಿ ಯಾವುದನ್ನು ಎಸೆ ಎನ್ನುತ್ತಿತ್ತೋ ಅದನ್ನೇ ಇವನು ಕೇಳಿದ. ಮರುದಿನ ಮಗನಿಗೆ ಹೊಟ್ಟೆನೋವು ಕಡಿಮೆಯಾಗಿರಲಿಲ್ಲ, ಬಾರಿಗೆ ಮಾಲು ಮುಟ್ಟಿಸಲು ನಾವಿಬ್ಬರೇ ಹೋದೆವು. ನಾನು ಒಳಗೆ ಕಾಲಿಟ್ಟಾಗ ನಮ್ಮೂರಿನ ಒಂದು ಮೇಜಿಡೀ ಎದ್ದು ನಿಂತಿತು. ಒಬ್ಬ ಗ್ಲಾಸು ಮೇಜಿನ ಕೆಳಗಿಟ್ಟ. ಇನ್ನೊಬ್ಬ, ಭಜನೆಯವ, ಗ್ಲಾಸಿನ ಮೇಲೆ ಟೊಪ್ಪಿಗೆ ಮುಚ್ಚಿದ.

“ಕುಂದರ್ರಿ, ಕುಂದರ್ರಿ. ನಾ ಕುಡಿಯಾಕ ಬಂದಿಲ್ಲ. ಕಾಯಿ ಮಾತ್ರ ಮುಗಸ್ರಿ,” ಎಂದೆ. ನಾಲ್ಕು ದಿನ ಊರಲ್ಲಿ ಬಾಗಿಲು ಹಾಕಿಕೊಂಡವರೇ ಅಲ್ಲಿ ಕಟುಂ ಕಟುಂ ಎಂದು ತಿನ್ನತೊಡಗಿದರು.

ಬಾರಿನವ ಎಲ್ಲವನ್ನೂ ಒಯ್ಯಲಾರ. ಅರ್ಧದಷ್ಟು ಇನ್ನೂ ಬದುವಿಗೇ ಬೀಳುತ್ತಿತ್ತು. ಆದರೆ ಸೊಸೆಯ ಬೆನ್ನು ನೆಟ್ಟಗಾಯಿತು.

ಲಾರಿ ಮತ್ತೆ ಬಂತು. ಕಂಪನಿ ಇನ್ನೊಂದು ದೇಶದವರನ್ನು ಹುಡುಕಿತ್ತು, ದರ ಮಾತ್ರ ಇಳಿದಿತ್ತು. ಫೀಲ್ಡಿನವ ಹೊಲ ನೋಡಿ ಗಾಬರಿಯಾದ. ಅರ್ಧ ಸಾಲುಗಳಲ್ಲಿ ಮುಂಗೈಯಷ್ಟು ಕಾಯಿ ಜೋತಾಡುತ್ತಿದ್ದವು.

“ಇದೇನ್ರಿ? ಬೀಜ ಕಂಪನೀದು. ಕಾಯಿ ಬ್ಯಾರೆ ಕಡೆ ಕೊಡೂ ಹಂಗಿಲ್ಲ.”

ಸೊಸೆ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟಳು. “ಲಾರಿ ಬರದಾಗ ಇಲ್ಲಿ ಬಿದ್ದ ಕೊಳೀತಲ್ಲ, ಅದು ಯಾರದ ಆಗಿತ್ರಿ?”

ಅವನು ಬಳ್ಳಿ ನೋಡಿದ. ನನ್ನನ್ನು ನೋಡಿದ. ನಾನು ಅವನಿಗೆ ಸಹಾಯ ಮಾಡಲಿಲ್ಲ.

“ಸಣ್ಣ ಕಾಯಿ ನೀವ ಒಯ್ರಿ. ದೊಡ್ಡದರ ಸುದ್ದಿ ನಿಮಗ ಬ್ಯಾಡ. ಆಗೂದಿಲ್ಲಂದ್ರ ಲಾರಿ ತಿರಗಿಸ್ರಿ,” ಎಂದಳು. ಅವನು ಡ್ರೈವರನಿಗೆ ಕ್ರೇಟು ಇಳಿಸಲು ಹೇಳಿದ.

ಲಾರಿ ಹೋದ ಮೇಲೆ ಸೊಸೆ, ಬರುವ ಹಿಂಗಾರಿಗೆ ಅರ್ಧ ಹೊಲ ಮಾತ್ರ ಸೌತೆ, ಅರ್ಧ ನಿಮಗೆ, ಕಡಲೆ ಹಾಕಿಕೊಳ್ಳಿ ಎಂದಳು. ದರ ಇಲ್ಲದಿದ್ದರೂ ಕಡಲೆಯನ್ನು ತಿನ್ನಬಹುದು ಎಂದು ಅವಳ ಬಾಯಿಂದಲೇ ಬಂತು. ನಾನು ಒಪ್ಪಿದೆ. ಯಾವ ಅರ್ಧ ಎಂದು ಕೇಳಿದೆ. ಬನ್ನಿ ಗಿಡದ ಕಡೆಯದು ಎಂದಳು.

“ಸಂಡಾಸದ ಕಡೆ ಅರ್ಧ ನನಗ್ಯಾಕ?”

“ನೀವ ಅಲ್ರಿ ಅಲ್ಲಿ ಇಡಸಿದ್ದು?”

ಜಗಳ ಇನ್ನೂ ನಡೆದಿದೆ. ಮಗನನ್ನು ಕೇಳಿದರೆ ಊಟ ಆದಮೇಲೆ ಹೇಳುತ್ತೇನೆ ಎನ್ನುತ್ತಾನೆ.